ಹದಿಮೂರು ಹೆಸರಿನ ಗಂಜಿ

ನಮ್ಮ ಊರಿನಲ್ಲಿ ಗಂಡಸೊಬ್ಬ ಕಡಲಲ್ಲಿ ಮುಳುಗಿದರೆ ಅವನ ಹೆಸರೂ ಮುಳುಗುತ್ತದೆ. ತೊಟ್ಟಿಲಲ್ಲಿ ಇಟ್ಟ ಹೆಸರು ಆ ಗಳಿಗೆಗೇ ಎಲ್ಲರ ಬಾಯಿಂದ ಹೋಗುತ್ತದೆ. ಬರೆದಿಟ್ಟಿದ್ದರೆ ಬರೆದಲ್ಲಿಂದಲೂ ಹೋಗಿ, ಓಲೆಯ ಮೇಲೆ ಅಷ್ಟು ಜಾಗ ಒದ್ದೆಯಾಗಿ ಉಳಿಯುತ್ತದೆ. ಅಪ್ಪ, ಮಗ, ಭಾವ ಎನ್ನುವ ಮಾತುಗಳಿಗೆ ಏನೂ ಆಗುವುದಿಲ್ಲ. ಮಾಡುತ್ತಿದ್ದ ಕೆಲಸದ ಹೆಸರೂ ಹೋಗುವುದಿಲ್ಲ. ಮುಖ ನೆನಪಿರುತ್ತದೆ, ನಡಿಗೆ ನೆನಪಿರುತ್ತದೆ, ಅವನು ಕೆಮ್ಮುತ್ತಿದ್ದ ಸದ್ದು ಸಹ ನೆನಪಿರುತ್ತದೆ. ಕರೆಯಲು ಹೋದರೆ ಮಾತ್ರ ಬಾಯಿ ತೆರೆದು ಹಾಗೇ ನಿಲ್ಲಬೇಕು.

ಹೊರಗಿನವರು ಕೇಳಿದರೆ ಹೆದರುತ್ತಾರೆ. ನಮಗೆ ಹುಟ್ಟಿದಂದಿನಿಂದ ರೂಢಿ. ಊರಿನಲ್ಲಿ ಒಂದು ಹೆಸರನ್ನು ಒಬ್ಬನಿಗೆ ಮಾತ್ರ ಇಡುತ್ತೇವೆ. ಅಜ್ಜನ ಕಾಲದಲ್ಲಿ ಇಬ್ಬರಿಗೆ ಒಂದೇ ಹೆಸರಿಟ್ಟು, ಒಬ್ಬ ಮುಳುಗಿ, ಇನ್ನೊಬ್ಬ ದಡದಲ್ಲಿ ಹೆಸರಿಲ್ಲದೆ ಉಳಿದಿದ್ದನಂತೆ. ಪಾಪ, ಅವನನ್ನು ಮುದುಕನಾಗುವವರೆಗೂ ‘ಏ ಇವನೇ’ ಎಂದೇ ಕರೆದರಂತೆ. ಅವನ ಹೆಂಡತಿಗೆ ಮಾತ್ರ ಅದರಿಂದ ಏನೂ ತೊಂದರೆಯಾಗಲಿಲ್ಲ. ನಮ್ಮಲ್ಲಿ ಹೆಂಡತಿಯರು ಗಂಡನ ಹೆಸರು ಹೇಳುವ ಪದ್ಧತಿ ಹೇಗೂ ಇಲ್ಲ.

ನನ್ನದು ಹೆಸರು ಕರೆಯುವ ಕೆಲಸ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ಕಾಯಿ ಒಪ್ಪಿಸಿದ ಮೇಲೆ, ಅಕ್ಕಿ ಹೆಂಚು ಮೆಣಸು ತುಂಬಿಕೊಂಡು ನಮ್ಮ ಮಂಜಿಗಳು, ಎಂದರೆ ದೊಡ್ಡ ಹಾಯಿಹಡಗುಗಳು, ಬಡಗಣ ಬಂದರುಗಳಿಗೆ ಹೊರಡುತ್ತವೆ. ಹೊರಡುವ ಪ್ರತಿಯೊಂದು ಮಂಜಿಗೂ ಒಂದು ಪದ್ಯ ಕಟ್ಟಬೇಕು. ಹಡಗು ನಡೆಸುವ ತಂಡೇಲನಿಂದ ಹಿಡಿದು ಅಡುಗೆಯ ಭಂಡಾರಿಯವರೆಗೆ ಎಲ್ಲರ ಹೆಸರೂ ಅದರಲ್ಲಿ ತಾಳಕ್ಕೆ ಸರಿಯಾಗಿ ಬರಬೇಕು. ಮಂಜಿ ಮರಳುವವರೆಗೆ ದಿನಾ ಬೆಳಗ್ಗೆ ಹಡಗು ಕಟ್ಟುವ ಧಕ್ಕೆಯ ಚಾವಡಿಯ ಮುಂದೆ ನಿಂತು ಅದನ್ನು ಹಾಡುತ್ತೇನೆ. ಹೆಂಗಸರು ಅಂಗಳ ಗುಡಿಸುವುದನ್ನು ನಿಲ್ಲಿಸಿ, ಪೊರಕೆ ಕೈಯಲ್ಲೇ ಹಿಡಿದುಕೊಂಡು ಕೇಳುತ್ತಾರೆ. ಎಲ್ಲ ಹೆಸರೂ ಬಂದರೆ ಮತ್ತೆ ಗುಡಿಸುತ್ತಾರೆ. ಎಲ್ಲಾದರೂ ತಾಳ ಬಿದ್ದು ಹೆಸರು ಬೀಳದಿದ್ದರೆ, ಆ ಖಾಲಿ ಜಾಗ ಯಾರ ಹೆಸರಿನ ಹಿಂದೆ, ಯಾರ ಹೆಸರಿನ ಮುಂದೆ ಎಂದು ನೋಡಿ, ಯಾರ ಮನೆ ಎಂಬುದನ್ನು ಅವರವರೇ ತಿಳಿದುಕೊಳ್ಳುತ್ತಾರೆ. ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನನಗಿಂತ ಮುಂಚೆ ಇದು ಅಪ್ಪನ ಕೆಲಸವಾಗಿತ್ತು. ಅಪ್ಪ ಸಂಜೆ ಚಾವಡಿಯಲ್ಲಿ ಪುರಾಣವನ್ನೂ ಓದುತ್ತಿದ್ದ. ನಾನು ಕಂಬಕ್ಕೆ ಒರಗಿ ಅದನ್ನು ಕೇಳುತ್ತಾ ಬೆಳೆದವನು. ಅರ್ಥ ಆಗದಿದ್ದರೂ ಕೇಳು, ತಪ್ಪಿದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಊರಿನವರು ನನ್ನನ್ನು ಓದಿನಣ್ಣ ಎಂದು ಕರೆಯುತ್ತಾರೆ. ನನ್ನ ತಮ್ಮನಿಗೆ ಓದೂ ಬೇಕಿರಲಿಲ್ಲ, ಕಂಬವೂ ಬೇಕಿರಲಿಲ್ಲ. ಹದಿನೆಂಟಕ್ಕೇ ಮಂಜಿ ಹತ್ತಿದ.

ಆ ವರ್ಷ ಅವನು ಹೋದ ಮಂಜಿಯಲ್ಲಿ ಹದಿನಾಲ್ಕು ಜನ ಇದ್ದರು. ಕಾರ್ತಿಕದ ಕೊನೆಯ ಒಂದು ಬೆಳಗ್ಗೆ ಪದ್ಯ ಎತ್ತಿಕೊಂಡೆ. ನಮ್ಮ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮೊದಲ ಹೆಸರೇ ಬರಲಿಲ್ಲ. ಅದು ತಂಡೇಲನ ಜಾಗ. ನಾಲಿಗೆ ಎತ್ತಿದೆ, ತಾಳ ಬಿತ್ತು, ಬಾಯಲ್ಲಿ ಏನೂ ಇಲ್ಲ. ಮುಂದಿನ ಹೆಸರು ಬಂತು. ಅದರ ಮುಂದಿನದು ಬರಲಿಲ್ಲ. ಪದ್ಯ ಮುಗಿಯುವಷ್ಟರಲ್ಲಿ ನಾಲ್ಕು ಕಡೆ ಎಡವಿದ್ದೆ. ತಂಡೇಲನ ಹೆಂಡತಿ ಲಚ್ಚಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಹಣೆ ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ಅಳುವ ಸದ್ದು ಕೇಳಿತು.

ಮರುದಿನ ಬೆಳಗ್ಗೆ ಮತ್ತೆ ಐದು ಹೆಸರು ಹೋಗಿದ್ದವು. ಮಂಜಿ ಎಲ್ಲೋ ಒಡೆದಿದೆ, ಉಳಿದವರು ಹಲಗೆ ಹಿಡಿದು ತೇಲುತ್ತಿದ್ದಾರೆ ಎಂದು ಊರಿಗೆಲ್ಲ ಗೊತ್ತಾಯಿತು. ಎಲ್ಲಿ ಎಂದು ಗೊತ್ತಾಗುವ ದಾರಿಯಿರಲಿಲ್ಲ. ದೋಣಿ ತೆಗೆದುಕೊಂಡು ಯಾವ ದಿಕ್ಕಿಗೆ ಹೋಗುವುದು? ಗಂಡಸರು ಧಕ್ಕೆಯ ಮೇಲೆ ಸುಮ್ಮನೆ ಅತ್ತಿಂದಿತ್ತ ನಡೆದರು. ಮೂರನೆಯ ಬೆಳಗ್ಗೆ ಇನ್ನೂ ಮೂರು ಹೆಸರು ಬರಲಿಲ್ಲ. ನನ್ನ ತಮ್ಮನದು ಬಂತು. ಭಂಡಾರಿಯದೂ ಬಂತು.

ನನ್ನ ತಾಯಿಯನ್ನು ನಾವು ಅಬ್ಬೆ ಎನ್ನುತ್ತೇವೆ. ಅಬ್ಬೆ ಆ ದಿನ ಅಂಗಳದಲ್ಲಿ ಕುಳಿತು ತೆಂಗಿನ ನಾರು ಹೊಸೆಯುತ್ತಾ ತಮ್ಮನ ಹೆಸರನ್ನು ಜಪದ ಹಾಗೆ ಹೇಳುತ್ತಿದ್ದಳು. ನೀರು ಕುಡಿಯಲೂ ನಿಲ್ಲಿಸುತ್ತಿರಲಿಲ್ಲ. ಬಿಟ್ಟರೆ ಜಾರುತ್ತಾನೆ ಎನ್ನುವ ಹಾಗೆ ಹೇಳುತ್ತಿದ್ದಳು. ಮಧ್ಯಾಹ್ನ ಬಿಸಿಲು ಅಂಗಳದ ನಡುವಿಗೆ ಬಂದಾಗ ನಾರು ಹೊಸೆಯುವ ಕೈ ನಿಂತಿತು.

“ಮಗಾ,” ಅಂದಳು, “ನಿನ್ನ ತಮ್ಮನ ಹೆಸರು ಎಂತದು?”

ನಾನು ಬಾಯಿ ತೆರೆದೆ. ಹಾಗೇ ಮುಚ್ಚಿದೆ.

ಅಬ್ಬೆ ಹೊಸೆದಿದ್ದಷ್ಟು ಹಗ್ಗವನ್ನು ಸುತ್ತಿಟ್ಟು, “ಆಯ್ತು,” ಅಂದಳು. “ಮೂರು ದಿನ ಹಿಡ್ಕಂಡಿದ್ದ. ಕೈ ಸೋತಿರ್ಬೇಕು.”

ನಾಲ್ಕನೆಯ ಬೆಳಗ್ಗೆಯಿಂದ ನಾನು ಹಾಡಿದ್ದು ಹದಿಮೂರು ಬರಿಯ ತಾಳ, ಕೊನೆಗೆ ಒಂದು ಹೆಸರು. ಭಂಡಾರಿ ಬದುಕಿದ್ದ. ಅವನಿಗೆ ದಡದಲ್ಲಿ ಯಾರೂ ಇರಲಿಲ್ಲ. ತಾಯಿ ಸತ್ತು ಎಷ್ಟೋ ಕಾಲವಾಗಿತ್ತು, ಮದುವೆಯಾಗಿರಲಿಲ್ಲ. ಆದರೂ ಹದಿಮೂರು ಮನೆಯವರು ಅವನ ಒಂದು ಹೆಸರು ಕೇಳಲು ದಿನಾ ಬಂದು ನಿಲ್ಲುತ್ತಿದ್ದರು. ಅವರಿಗೆ ಒಂದು ಆಸೆ ಇತ್ತು. ಮುಳುಗುವಾಗ ಜೊತೆಯಲ್ಲಿದ್ದವನು ಅವನು. ನಮ್ಮ ಬಾಯಿಂದ ಹೋದ ಹೆಸರುಗಳು ಅವನ ಬಾಯಲ್ಲಿ ಉಳಿದಿರಬಹುದು.

ಈ ಆಸೆ ಬರಿಯ ನೆನಪಿಗಾಗಿ ಅಲ್ಲ. ಶ್ರಾದ್ಧಕ್ಕೆ ಹೆಸರು ಬೇಕು. ಪುರೋಹಿತರು ಎಳ್ಳುನೀರು ಬಿಡಿಸುವಾಗ ಹೆಸರಿನ ಜಾಗದಲ್ಲಿ ಸುಮ್ಮನಾಗುತ್ತಿದ್ದರು. ಕೈಯಿಂದ ಬಿದ್ದ ನೀರು ಯಾರದೆಂದು ತಿಳಿಯದೆ ಹರಿವಾಣದಲ್ಲೇ ನಿಲ್ಲುತ್ತಿತ್ತು. ಗುಲಾಬಿ ಎಂಬ ಹುಡುಗಿ, ಮದುವೆಯಾಗಿ ಮೂರು ತಿಂಗಳಿಗೆ ಗಂಡನನ್ನು ಕಳಿಸಿದವಳು, ಒಂದು ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಓದಿನಣ್ಣ, ನಾ ಒಂದ್ಸಲವೂ ಅವರ ಹೆಸರು ಹೇಳ್ಲಿಲ್ಲ. ಇದ್ದಾಗ ಹೇಳ್ಬಾರ್ದಾಗಿತ್ತು. ಈಗ ಹೇಳುವ ಅಂದ್ರೆ ಇಲ್ಲ. ಮನಸ್ಸಲ್ಲಿ ಹೇಳ್ಕಂಡಿದ್ರೆ ತಪ್ಪಾಗ್ತಿತ್ತಾ?”

ಮುಂದಿನ ಮಳೆಗಾಲ ಮುಗಿದ ಮೇಲೆ ಭಂಡಾರಿ ಬಂದ. ಕಡಲಿನ ದಾರಿಯಲ್ಲಿ ಅಲ್ಲ, ಗುಡ್ಡದ ದಾರಿಯಲ್ಲಿ ನಡೆದು ಬಂದ. ಯಾವುದೋ ದೂರದ ಹಡಗಿನವರು ಎತ್ತಿಕೊಂಡು ಯಾವುದೋ ಬಂದರಿನಲ್ಲಿ ಇಳಿಸಿದರಂತೆ. ಜ್ವರ ಬಂದು ಮಲಗಿದ್ದನಂತೆ. ಅದನ್ನೆಲ್ಲ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೆಂಗಸರು ಚಾವಡಿಯಲ್ಲಿ ಅವನನ್ನು ಸುತ್ತುವರಿದರು. “ಹೆಸರು ಉಂಟಾ? ನಿನ್ನ ಬಾಯಲ್ಲಿ ಹೆಸರು ಉಂಟಾ?” ಎಂದು ಲಚ್ಚಕ್ಕ ಅವನ ಭುಜ ಹಿಡಿದು ಅಲುಗಿಸಿದಳು.

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ. “ಇಲ್ಲ ಅಕ್ಕ,” ಅಂದ. ಯಾರೋ ಅತ್ತರು. ಅಬ್ಬೆ ಮಾತ್ರ, “ಮೊದ್ಲು ಅವಂಗೆ ಉಣ್ಣಕ್ಕೆ ಹಾಕಿ,” ಅಂದಳು. ಚಾವಡಿಯ ಹಿಂದಿನ ಒಲೆಯ ಮೇಲೆ ಗಂಜಿ ಇಟ್ಟರು. ಬೆಂದ ಗಂಜಿಯನ್ನು ಅವನೇ ಬಡಿಸಿಕೊಳ್ಳಲಿ ಎಂದು ಕೈಗೆ ಸೌಟು ಕೊಟ್ಟರು. ಸೌಟು ಕೈಗೆ ಬಂದದ್ದೇ ತಡ, ಅವನು ತನಗೆ ಬಡಿಸಿಕೊಳ್ಳಲಿಲ್ಲ. ಒಂದು ಗಿಣ್ಣಲಿಗೆ ಗಂಜಿ ಹಾಕಿ, ಮೇಲೆ ಸುಟ್ಟ ಮೆಣಸು ಇಟ್ಟು, ಬಾಗಿಲ ಕಡೆ ತಿರುಗಿ ಒಂದು ಹೆಸರು ಕರೆದ.

ಅದು ತಂಡೇಲನ ಹೆಸರು. ಕೇಳಿದ ಕೂಡಲೇ ನಮಗೆಲ್ಲ ಗೊತ್ತಾಯಿತು. ಅಯ್ಯೋ, ಇದೇ, ಇದೇ ಹೆಸರು! ಲಚ್ಚಕ್ಕ ಗಿಣ್ಣಲನ್ನು ಕಸಿದುಕೊಂಡಳು. ಭಂಡಾರಿ ಎರಡನೆಯ ಸೌಟು ಎತ್ತಿದ. ಹಡಗಿನಲ್ಲಿ ಊಟಕ್ಕೆ ಕರೆಯುತ್ತಿದ್ದ ಸಾಲಿನಲ್ಲೇ ಹದಿಮೂರು ಹೆಸರೂ ಬಂದವು. ಒಬ್ಬನಿಗೆ ಬರಿಯ ತಿಳಿ, ಒಬ್ಬನಿಗೆ ತಳದ ಅಗುಳು, ಒಬ್ಬನಿಗೆ ಹುಣಸೆ. ನನ್ನ ತಮ್ಮನಿಗೆ ಒಂದು ಚೂರು ಬೆಲ್ಲ. ಅವನು ಗಂಜಿಗೆ ಬೆಲ್ಲ ನಂಚಿಕೊಳ್ಳುತ್ತಿದ್ದ ಎಂಬುದು ನನಗೆ ಮರೆತೇ ಹೋಗಿತ್ತು. ಅಬ್ಬೆ ಎರಡೂ ಕೈಯಲ್ಲಿ ಗಿಣ್ಣಲು ಹಿಡಿದು ಆ ಹೆಸರನ್ನು ಹತ್ತು ಸಲ, ಇಪ್ಪತ್ತು ಸಲ ಹೇಳಿದಳು.

ಆದರೆ ಹೆಸರು ನಿಲ್ಲುತ್ತಿರಲಿಲ್ಲ. ಗಂಜಿಯ ರುಚಿ ನಾಲಿಗೆಯ ಮೇಲೆ ಇರುವಷ್ಟು ಹೊತ್ತು ಇರುತ್ತಿತ್ತು. ಪುರೋಹಿತರ ಮನೆಗೆ ಓಡಿದರೆ ದಾರಿಯಲ್ಲೇ ಆರಿಹೋಗುತ್ತಿತ್ತು. ಪುರೋಹಿತರನ್ನೇ ಚಾವಡಿಗೆ ಕರೆತಂದರೂ ಅವರು ಕೇಳಿದ್ದು ಮಂತ್ರದ ನಡುವೆ ಹೋಗುತ್ತಿತ್ತು; ಅವರು ಗಂಜಿ ಉಣ್ಣುವವರಲ್ಲ. ಹಾಗಾಗಿ ಮರುದಿನ ಮತ್ತೆ ಕೇಳಬೇಕಾಯಿತು. ಅದರ ಮರುದಿನವೂ.

ಹೀಗೆ ಅದೊಂದು ಪದ್ಧತಿಯೇ ಆಯಿತು. ಬೆಳಗ್ಗೆ ನಾನು ಬೇರೆ ಮಂಜಿಗಳ ಪದ್ಯ ಹಾಡಿ ಮುಗಿಸಿದ ಮೇಲೆ ಹದಿಮೂರು ಮನೆಯವರು ಸರದಿಯಲ್ಲಿ ಅಕ್ಕಿ ತರುತ್ತಿದ್ದರು. ಭಂಡಾರಿ ಗಂಜಿ ಬೇಯಿಸಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಮೊದಮೊದಲು ಅಳುತ್ತಿದ್ದವರು ನಿಧಾನಕ್ಕೆ ನಗಲೂ ಕಲಿತರು.

“ನನ್ನ ಗಂಡಂಗೆ ಇನ್ನೆರಡು ಮೆಣಸು ಹಾಕು ಮಾರಾಯ,” ಎನ್ನುತ್ತಿದ್ದಳು ಲಚ್ಚಕ್ಕ. “ಮನೆಲಿ ಇದ್ದಾಗ ಖಾರ ಇಲ್ಲ ಅಂತ ನನ್ನ ಅಪ್ಪನ ಮನೆಯವ್ರನ್ನೆಲ್ಲ ಬೈತಿದ್ರು.”

“ಹಡಗಲ್ಲಿ ನಿಮ್ಮ ಅಡುಗೇನೇ ಹೊಗಳ್ತಿದ್ರು ಅಕ್ಕ.”

“ಹೌದಾ! ಅಲ್ಲಿ ಹೊಗಳಿ ನಂಗೆ ಎಂತ ಬಂತು? ಒಂದು ದಿನ ಇಲ್ಲಿ ಹೊಗಳ್ಬಾರ್ದಾಗಿತ್ತಾ?”

ಗುಲಾಬಿ ಗಿಣ್ಣಲನ್ನು ಹಿಡಿದು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ತುಟಿ ಅಲುಗುವುದು ಕಾಣುತ್ತಿತ್ತು. ಹೆಸರು ಹೇಳುತ್ತಿದ್ದಳೋ, ಉಣ್ಣುತ್ತಿದ್ದಳೋ, ನಾವು ಯಾರೂ ಕೇಳಲಿಲ್ಲ. ಅಬ್ಬೆ ಈ ಒಂದು ಗಂಜಿಗಾಗಿ ಬೆಳಗ್ಗೆ ಏಳುತ್ತಿದ್ದಳು. ಮೊಣಕಾಲು ಬಾತಿದ್ದ ದಿನವೂ ಕೋಲು ಊರಿಕೊಂಡು ಬರುತ್ತಿದ್ದಳು.

ಭಂಡಾರಿಯನ್ನು ಊರು ಬೆಣ್ಣೆಯ ಗಡಿಗೆಯ ಹಾಗೆ ಕಾಪಾಡಿತು. ಅವನು ಮುಳುಗಿದರೆ ಹದಿಮೂರು ಹೆಸರೂ ಹೋದವು. ಹೊಳೆಯಲ್ಲಿ ಮೀಯಬೇಡ ಎಂದರು. ಬಿಸಿನೀರು ಕಾಯಿಸಿ ಕೊಟ್ಟರು. ಮರ ಹತ್ತಬೇಡ ಎಂದರು. ಬಲೆ ಎಳೆಯುವವರ ಜೊತೆ ಮೊಣಕಾಲು ನೀರಿಗೆ ಇಳಿದದ್ದಕ್ಕೆ ಒಂದು ದಿನ ಲಚ್ಚಕ್ಕ ಊರೆಲ್ಲ ಕೇಳುವ ಹಾಗೆ ಬೈದಳು. ಅವನು ನಕ್ಕು ಹಿಂದೆ ಬಂದ. ಅವನು ಮರಳಿದ ಮೇಲೆ ಅವನಿದ್ದ ಮಂಜಿಯ ಪದ್ಯವನ್ನು ನಾನು ನಿಲ್ಲಿಸಿದ್ದೆ. ಕಡಲಲ್ಲಿ ಇಲ್ಲದವನನ್ನು ಕರೆಯುವಂತಿಲ್ಲ. ದಡದಲ್ಲಿ ಎಲ್ಲರಿಗೂ ಅವನು ಭಂಡಾರಿ. ದಿನಾ ಹದಿಮೂರು ಹೆಸರು ಕರೆಯುವವನನ್ನು ಅವನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನನಗೂ ಅದು ಹೊಳೆಯಲಿಲ್ಲ.

ಎರಡನೆಯ ವರ್ಷದ ಶ್ರಾವಣಕ್ಕೆ ಅವನ ಮೈಯಲ್ಲಿ ಮೂಳೆ ಎಣಿಸುವ ಹಾಗಾಗಿತ್ತು. ಒಂದು ದಿನ ಮಧ್ಯಾಹ್ನ ಚಾವಡಿಯ ಹಿಂದೆ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

“ಎಂತ ಭಂಡಾರಿ, ಬಡಿಸುವವನೇ ಉಣ್ಣುದಿಲ್ವಾ?”

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಓದಿನಣ್ಣ, ನಾ ಕರೆದ್ರೆ ಅವರು ಬರ್ತಾರೆ,” ಅಂದ.

“ಯಾರು?”

“ಕರೆದವರು. ಊಟಕ್ಕೆ ಕರೆದ್ರೆ ಬರ್ದೆ ಇರ್ತಾರಾ? ಬಾಗಿಲಲ್ಲಿ ಬಂದು ನಿಲ್ತಾರೆ. ಬಟ್ಟೆಯೆಲ್ಲ ಒದ್ದೆ. ನಾ ಬಡಿಸ್ತೆ, ಮನೆಯವರು ಉಣ್ತಾರೆ. ಅವರು ನೋಡ್ತಾ ನಿಂತಿರ್ತಾರೆ. ಗಂಜಿ ಮುಗಿದ ಮೇಲೆ ಹೋಗ್ತಾರೆ.” ಪಾತ್ರೆಯ ಅಂಚನ್ನು ಮತ್ತೆ ಮತ್ತೆ ತಿಕ್ಕಿದ. “ಎರಡು ವರ್ಷದಿಂದ ಒಂದು ಅಗುಳು ಅವರ ಬಾಯಿಗೆ ಹೋಗ್ಲಿಲ್ಲ.”

ನಾನು ಬಾಗಿಲ ಕಡೆ ನೋಡಿದೆ. ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

“ನಿಮ್ಮ ತಮ್ಮ ಕಡೇಲಿ ನಿಲ್ತಾನೆ,” ಅಂದ. “ಕಡಲಲ್ಲೂ ಕಡೇಗೆ ಪೀಪಾಯಿ ಹಿಡಿದವರು ನಾವಿಬ್ರೇ. ನಿದ್ದೆ ಬರ್ಬಾರ್ದು ಅಂತ ನಾ ಅವನ ಹೆಸರು ಕರೀತಾ ಇದ್ದೆ. ಅವ ಓ ಅಂತಾ ಇದ್ದ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ತೆ ಅಂದ. ಕರೆದೆ, ಓ ಅನ್ಲಿಲ್ಲ.”

ಅವನಿಗೆ ಬೇಕಾಗಿದ್ದದ್ದು ಒಂದೇ. ಕುಪ್ಪಣ್ಣ ತಂಡೇಲನ ಮಂಜಿ ಈ ಹುಣ್ಣಿಮೆಗೆ ಬಡಗಣಕ್ಕೆ ಹೊರಡುತ್ತದೆ. ಅದರಲ್ಲಿ ಅಡುಗೆಗೆ ಜನ ಬೇಕು. ತಾವು ಹದಿನಾಲ್ಕು ಜನ ಇದ್ದ ಮಂಜಿ ಬಡಿದು ಒಡೆದ ಬಂಡೆಯ ಹತ್ತಿರದಿಂದಲೇ ಅದು ಹಾದುಹೋಗುತ್ತದೆ. ಅಲ್ಲಿ ಒಂದು ಪಾತ್ರೆ ಗಂಜಿ ಮಾಡಿ, ಹದಿಮೂರು ಜನರನ್ನೂ ಕರೆದು, ಅವರು ಇರುವಲ್ಲೇ ಬಡಿಸಬೇಕು. “ಅಲ್ಲಾದ್ರೆ ಮುಟ್ತದೆ,” ಅಂದ. “ನೀವು ಒಂದು ಮಾತು ಹೇಳಿದ್ರೆ ಊರು ಒಪ್ತದೆ.”

“ನೋಡುವ,” ಅಂದೆ.

ನಾನು ನೋಡಲಿಲ್ಲ. ಅಬ್ಬೆಯ ಮೊಣಕಾಲು, ಅವಳ ಕೋಲು, ಗಿಣ್ಣಲು ಹಿಡಿದಾಗ ಅವಳ ಮುಖಕ್ಕೆ ಬರುವ ಬೆಳಕು, ಇಷ್ಟನ್ನೇ ಯೋಚಿಸಿದೆ. ಆ ಸಂಜೆ ಕುಪ್ಪಣ್ಣನ ಮನೆಗೆ ಹೋಗಿ, ಭಂಡಾರಿಯನ್ನು ಕರೆದುಕೊಳ್ಳಬೇಡಿ, ಅವನಿಗೆ ಇನ್ನೂ ಜ್ವರದ ಭ್ರಮೆ ಇದೆ ಎಂದು ಹೇಳಿ ಬಂದೆ. ಕುಪ್ಪಣ್ಣ ಒಪ್ಪಿದ. ಚಾವಡಿಯ ಕಂಬಕ್ಕೆ ಒರಗಿ ಇಷ್ಟು ವರ್ಷ ಪುರಾಣ ಕೇಳಿದವನು ನಾನು. ಹಸಿದವರ ಎದುರಿನಿಂದ ಎಲೆ ಎಳೆದವರ ಕಥೆಗಳನ್ನೂ ಕೇಳಿದ್ದೆ. ಹೇಳುವಾಗ ಒಂದೂ ನೆನಪಾಗಲಿಲ್ಲ.

ಭಂಡಾರಿ ಮತ್ತೆ ಕೇಳಲಿಲ್ಲ. ಕುಪ್ಪಣ್ಣ ಬೇಡ ಎಂದದ್ದು ಅವನಿಗೆ ತಿಳಿದಿತ್ತು. ಏಕೆ ಎಂಬುದೂ ತಿಳಿದಿತ್ತೋ ಏನೋ. ದಿನದಂತೆ ಗಂಜಿ ಬೇಯಿಸಿದ, ದಿನದಂತೆ ಕರೆದ. ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ತಮ್ಮನ ಹೆಸರು ಕರೆದು ಅಬ್ಬೆಯ ಕೈಗೆ ಗಿಣ್ಣಲು ಕೊಟ್ಟ. ಅಬ್ಬೆ ಉಣ್ಣಲಿಲ್ಲ.

“ಭಂಡಾರಿ, ಒಂದು ಕೇಳ್ತೆ. ಹೆಸರು ಕರೆದ ಮೇಲೆ ಎಲ್ಲರೂ ನಮ್ಮ ಮುಖ ನೋಡ್ತಾರೆ. ನೀ ಯಾಕೆ ಬಾಗಿಲು ನೋಡ್ತೆ?”

ಅವನು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಅಬ್ಬೆಗೆ ಸುಳ್ಳು ಹೇಳಲಿಲ್ಲ. ನನಗೆ ಹೇಳಿದ್ದನ್ನೇ, ಅಷ್ಟೇ ಮೆಲ್ಲಗೆ ಹೇಳಿದ. ಚಾವಡಿಯಲ್ಲಿ ಉಣ್ಣುತ್ತಿದ್ದ ಕೈಗಳು ಒಂದೊಂದಾಗಿ ನಿಂತವು.

“ಸುಮ್ನೆ ಇರು!” ಲಚ್ಚಕ್ಕ ಎದ್ದು ನಿಂತಳು. “ಸತ್ತವರಿಗೆ ಎಂತ ಹಸಿವು? ನಿಂಗೆ ಮಂಜಿ ಹತ್ತುವ ಚಪಲ, ಅದಕ್ಕೆ ಕಥೆ ಕಟ್ತೆ.” ಹಾಗೆ ಹೇಳುತ್ತಲೇ ಅವಳ ಕಣ್ಣು ಗಿಣ್ಣಲಿನ ಮೇಲೆ ಹೋಯಿತು. ಅದರಲ್ಲಿ ಅರ್ಧ ಗಂಜಿ, ಎರಡು ಸುಟ್ಟ ಮೆಣಸು. ಅವಳು ಮತ್ತೆ ಕುಳಿತಳು. ಗಿಣ್ಣಲನ್ನು ನೆಲದ ಮೇಲಿಟ್ಟು ಸ್ವಲ್ಪ ದೂರ ಸರಿಸಿದಳು.

ಅಬ್ಬೆ ಕೋಲಿಲ್ಲದೆ ಎದ್ದಳು. ಬಾಗಿಲವರೆಗೆ ಹೋಗಿ, ಗಿಣ್ಣಲನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ತಮ್ಮನ ಹೆಸರು ಕರೆದಳು. “ತಕೋ ಮಗಾ. ಬೆಲ್ಲ ಉಂಟು.”

ಹಾಗೇ ಹಿಡಿದು ನಿಂತಳು. ಗಂಜಿಯ ಮೇಲೆ ಕೆನೆ ಕಟ್ಟಿತು. ತಿರುಗದೆಯೇ ಕೇಳಿದಳು:

“ತಕಂಡ್ನಾ?”

“ಇಲ್ಲ ಅಬ್ಬೆ. ಕೈ ನೀಡ್ತಾ ಇದ್ದಾನೆ. ಇಲ್ಲಿ ಅವರ ಕೈಗೆ ಬರುದಿಲ್ಲ.”

“ಹಂಗಾರೆ ನೀ ಹೋಗು,” ಅಂದಳು ಅಬ್ಬೆ.

ಆಗ ಎಲ್ಲರೂ ಒಟ್ಟಿಗೆ ಮಾತಾಡಿದರು. ಹೋದವನು ಮುಳುಗಿದರೆ? ಹೆಸರು ಮತ್ತೆ ಎಲ್ಲಿಂದ ಬರಬೇಕು? ಇಷ್ಟು ದಿನ ಕೇಳಿದ್ದು ಸಾಕಾ? ಗುಲಾಬಿ ಗೋಡೆಯ ಕಡೆಯಿಂದ ತಿರುಗಿ, “ನಾಳೆ ಒಂದು ದಿನ ಕೇಳಿ ಬಿಡುವ ಅಬ್ಬೆ. ನಾಳೆ ಒಂದೇ,” ಅಂದಳು.

ಅಬ್ಬೆ ಅವಳ ಪಕ್ಕದಲ್ಲಿ ಕುಳಿತು ತಲೆಯ ಮೇಲೆ ಕೈ ಇಟ್ಟಳು. “ನಂಗೂ ನಾಳೆ ಬೇಕು ತಂಗೀ. ನಾಡಿದ್ದೂ ಬೇಕು. ಅವರು ಅಷ್ಟು ದಿನವೂ ಹಸಿದು ನಿಲ್ಬೇಕು. ನಾವು ಅವರ ಪಾಲು ಉಂಡದ್ದು ಸಾಕು.”

ಮನೆಗೆ ಹೋಗುವ ದಾರಿಯಲ್ಲಿ ನಾನು ಕುಪ್ಪಣ್ಣನ ಮನೆಗೆ ಹೋಗಿ ಬಂದದ್ದನ್ನು ಅಬ್ಬೆಗೆ ಹೇಳಿದೆ. ಅವಳು ನಡೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ನೀ ನಂಗೋಸ್ಕರ ಮಾಡ್ದೆ,” ಅಂದಳು. “ಹೋಗು, ನೀನೇ ಹೋಗಿ ಬಿಡ್ಸು.” ನಾನು ಅಲ್ಲಿಂದಲೇ ತಿರುಗಿ ಹೋಗಿ, ಹೇಳಿದ್ದು ಸುಳ್ಳು ಎಂದು ಕುಪ್ಪಣ್ಣನ ಎದುರು ಒಪ್ಪಿಕೊಂಡೆ.

ಹುಣ್ಣಿಮೆಯ ಮರುದಿನ ಮಂಜಿ ಹೊರಟಿತು. ಹದಿಮೂರು ಮನೆಯಿಂದ ಹದಿಮೂರು ಗಂಟು ಬಂದವು. ಗಂಟಿನಲ್ಲಿ ಅಕ್ಕಿ, ಅಕ್ಕಿಯೊಳಗೆ ಒಬ್ಬೊಬ್ಬನಿಗೆ ಬೇಕಾದದ್ದು: ಮೆಣಸು, ಹುಣಸೆ, ಒಣಸಿಗಡಿ. ಲಚ್ಚಕ್ಕ ತನ್ನ ಗಂಟನ್ನು ಕೊಡುತ್ತಾ, “ಖಾರ ಸರಿಯಾಗಿ ಉಂಟು ಅಂತ ಹೇಳು. ಇನ್ನು ಬೈಬೇಡಿ ಅಂತ ಹೇಳು,” ಅಂದಳು. ಗುಲಾಬಿ ತನ್ನ ಗಂಟಿಗೆ ಎರಡು ಗಂಟು ಹೆಚ್ಚು ಹಾಕಿದಳು. ಭಂಡಾರಿ ಹಲಗೆಯ ಮೇಲೆ ಕಾಲಿಡುವಾಗ ಅಬ್ಬೆ ಬೆಲ್ಲದ ಗಂಟು ಕೊಟ್ಟಳು. ಕೊಟ್ಟು, ಅವನನ್ನು ಹೆಸರು ಹಿಡಿದು ಕರೆದಳು.

ಅವನು ತಿರುಗಿದ. ಯಾರನ್ನೋ ಕರೆದರು ಎನ್ನುವ ಹಾಗೆ ಮೊದಲು ಹಿಂದೆ ನೋಡಿದ. ಆಮೇಲೆ ಅವನ ಮುಖ ಚಿಕ್ಕ ಮಗುವಿನ ಮುಖದಂತಾಯಿತು. ಬಗ್ಗಿ ಅಬ್ಬೆಯ ಕಾಲು ಮುಟ್ಟಿದ. “ಬರ್ತೆ ಅಬ್ಬೆ,” ಅಂದ.

ಆ ಮಂಜಿಗೆ ನಾನು ಹೊಸ ಪದ್ಯ ಕಟ್ಟಿದ್ದೆ. ಕುಪ್ಪಣ್ಣನಿಂದ ಶುರುವಾಗಿ, ಕೊನೆಯ ಸಾಲಿನ ಕೊನೆಯ ತಾಳಕ್ಕೆ ಅವನ ಹೆಸರು ಬೀಳುತ್ತಿತ್ತು. ಮೊದಲ ದಿನ ಬೆಳಗ್ಗೆ ಅಲ್ಲಿಗೆ ಬಂದಾಗ, ನಮ್ಮ ಅಂಗಳದ ಕಡೆಯಿಂದ ಗಟ್ಟಿಯಾಗಿ “ಓ” ಎಂದು ಕೇಳಿತು. ನಮ್ಮಲ್ಲಿ ಹಾಗೆ ಓಗೊಡುವ ರೂಢಿಯಿಲ್ಲ. ಸುಮ್ಮನೆ ನಿಂತು ಕೇಳುವುದಷ್ಟೇ. ಹೆಂಗಸರೆಲ್ಲ ತಿರುಗಿ ನೋಡಿದರು. ಅಬ್ಬೆ ಕೋಲು ಊರಿ ನಿಂತಿದ್ದಳು. “ಅವಂಗೆ ಯಾರಿದ್ದಾರೆ?” ಅಂದಳು, ಯಾರೂ ಏನೂ ಕೇಳದಿದ್ದರೂ.

ಹತ್ತೊಂಬತ್ತು ಬೆಳಗ್ಗೆ ಅವಳು ಓ ಎಂದಳು. ಇಪ್ಪತ್ತನೆಯ ಬೆಳಗ್ಗೆ ಎಲ್ಲರ ಹೆಸರೂ ಬಂದವು. ಕೊನೆಯ ತಾಳ ಬಿತ್ತು. ನನ್ನ ಬಾಯಲ್ಲಿ ಏನೂ ಇರಲಿಲ್ಲ.

ಮಂಜಿ ಮಾಘದಲ್ಲಿ ಸುಖವಾಗಿ ಮರಳಿತು. ಕುಪ್ಪಣ್ಣ ದಡಕ್ಕೆ ಇಳಿದವನೇ ಗಂಜಿಯ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದ. ಬಂಡೆಯ ಹತ್ತಿರ ಕಡಲು ಎಣ್ಣೆಯ ಹಾಗೆ ಇತ್ತಂತೆ. ಭಂಡಾರಿ ಬಿಸಿ ಗಂಜಿಯ ಜೊತೆ ಮಂಜಿಯ ಸಣ್ಣ ದೋಣಿಯಾದ ಹೋಡಿಯನ್ನು ಇಳಿಸಿಕೊಂಡು ಒಬ್ಬನೇ ಹೋದನಂತೆ. ಒಂದೊಂದು ಸೌಟು ಕಡಲಿಗೆ ಹಾಕುತ್ತಾ ಕರೆದದ್ದು ಮಂಜಿಯವರಿಗೆ ಕೇಳುತ್ತಿತ್ತು.

“ಹದಿಮೂರು ಸಲ ಕೇಳ್ತು, ಅಬ್ಬೆ. ಕರೆಯುದೆಲ್ಲ ಮುಗೀತು ಅಂತ ನಾವು ಹಗ್ಗ ಎಳೆಯುವುದಕ್ಕೆ ತಯಾರಾದ್ವು. ಅವ ಪಾತ್ರೆ ತೊಳೆಯುವುದಕ್ಕೆ ಬಗ್ಗಿದ.” ಕುಪ್ಪಣ್ಣ ಪಾತ್ರೆಯನ್ನು ಅಬ್ಬೆಯ ಮುಂದಿಟ್ಟ. “ಅಷ್ಟೇ. ಹೋಡಿ ಒಂದು ಬದಿಗೆ ವಾಲಿತು. ನಾವು ಹಾರಿ ಹುಡುಕಿದ್ವು, ಸಂಜೆವರೆಗೆ ಹುಡುಕಿದ್ವು. ಪಾತ್ರೆ ಮಾತ್ರ ತೇಲ್ತಾ ಇತ್ತು.”

ತೊಳೆಯದೆ ತಂದಿದ್ದರೂ ನಡೆಯುತ್ತಿತ್ತು. ಉಂಡ ಪಾತ್ರೆಯನ್ನು ಹಾಗೇ ಬಿಡುವವನಲ್ಲ ಅವನು.

ಅಬ್ಬೆ ಪಾತ್ರೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ತಳದಲ್ಲಿ ಬೆರಳಾಡಿಸಿದಳು. “ಒಂದು ಅಗುಳೂ ಇಲ್ಲ,” ಅಂದಳು. ಆಮೇಲೆ ಮೊದಲ ಸಲ, ಮಕ್ಕಳಿಬ್ಬರಿಗೂ ಸೇರಿಸಿ, ಗಟ್ಟಿಯಾಗಿ ಅತ್ತಳು.

ಈಗ ಹದಿಮೂರು ಮನೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲ. ಭಂಡಾರಿಯ ಹೆಸರೂ ಇಲ್ಲ. ಅವನ ಬಗ್ಗೆ ಇಷ್ಟು ಹೇಳಿದ ನನಗೂ ಅವನು ಭಂಡಾರಿ ಮಾತ್ರ. ಕುಪ್ಪಣ್ಣನ ಮಂಜಿ ಪ್ರತಿ ವರ್ಷ ಹೋಗುತ್ತದೆ. ಅದರಲ್ಲಿ ಬೇರೆ ಅಡುಗೆಯವನಿದ್ದಾನೆ. ಅವನ ಹೆಸರನ್ನು ನಾನು ಪದ್ಯದ ನಡುವೆ ಸೇರಿಸಿದ್ದೇನೆ. ಕೊನೆಯ ತಾಳವನ್ನು ಮಾತ್ರ ತುಂಬಿಸಿಲ್ಲ. ಬೆಳಗ್ಗೆ ಅಲ್ಲಿಗೆ ಬಂದಾಗ ಕೈ ತಾಳ ಹಾಕುತ್ತದೆ, ಬಾಯಿ ಸುಮ್ಮನಿರುತ್ತದೆ. ಆಗ ನಮ್ಮ ಅಂಗಳದಿಂದ, ಲಚ್ಚಕ್ಕನ ಅಂಗಳದಿಂದ, ಗುಲಾಬಿಯ ಅಂಗಳದಿಂದ, ಹದಿಮೂರು ಅಂಗಳಗಳಿಂದಲೂ ಒಟ್ಟಿಗೆ ಬರುತ್ತದೆ:

“ಓ.”